ಸುಗ್ಗಿಯ ನಡುವೆ ಹಿಂದಕ್ಕೆ ಹೋದ 1.10

ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ ಮೆಕ್ಕೆಜೋಳದ ಆವಕ ಜೋರಾಗಿರುವ ದಿನಗಳಲ್ಲಿ ದಲಾಲಿ ಅಂಗಡಿಯ ಲೆಕ್ಕದ ತಂತ್ರಾಂಶಕ್ಕೆ ಕೈ ಹಚ್ಚಬಾರದು. ನನಗದು ಗೊತ್ತಿತ್ತು. ಆದರೂ ಒಂದು ವರ್ಷ ಸುಗ್ಗಿಯ ನಡುವೆಯೇ ಹಮಾಲಿ ದರ ಬದಲಾಗಿ ಹಚ್ಚಲೇಬೇಕಾಯಿತು. ಆಗ ನಾನು ಬರೆದ ತಂತ್ರಾಂಶ 11 ಅಂಗಡಿಗಳಲ್ಲಿ ಓಡುತ್ತಿತ್ತು. 1.9 ಇದ್ದ ಆವೃತ್ತಿಯನ್ನು 1.10 ಮಾಡಿ, ಸರ್ವರಿಗೆ ಏರಿಸಿ, ಬೆಳಗಾಗುವಷ್ಟರಲ್ಲಿ ಎಲ್ಲ ಅಂಗಡಿಗಳೂ ತಾವಾಗಿಯೇ ಹೊಸದನ್ನು ಇಳಿಸಿಕೊಳ್ಳುತ್ತವೆ ಎಂದು ನಂಬಿ ಮಲಗಿದೆ.

ಎರಡು ದಿನ ಬಿಟ್ಟು ಕರೆ ಬಂತು. ಹರಿಹರದ ಕಡೆಯ ರೈತರೊಬ್ಬರು ಎರಡು ಅಂಗಡಿಗಳ ಲೆಕ್ಕದ ಪಟ್ಟಿ ಹಿಡಿದು ನಿಂತಿದ್ದರು. ಒಂದರಲ್ಲಿ ಹಳೆಯ ಹಮಾಲಿ, ಇನ್ನೊಂದರಲ್ಲಿ ಹೊಸದು. ಹೊಸ ದರ ಇದ್ದದ್ದು ಆ ವಾರವಷ್ಟೇ ತಂತ್ರಾಂಶ ಹಾಕಿಸಿಕೊಂಡಿದ್ದ ಅಂಗಡಿಯಲ್ಲಿ ಮಾತ್ರ. ಉಳಿದ 10 ಅಂಗಡಿಗಳೂ 1.9ರಲ್ಲೇ ನಿಂತಿದ್ದವು.

ಕಾರಣ ಹುಡುಕಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಯಾವ ಆವೃತ್ತಿ ಹೊಸದು ಎಂದು ನೋಡುವ ಸಾಲಿನಲ್ಲಿ ಸಂಖ್ಯೆಗಳನ್ನು ಪಠ್ಯವೆಂದು ಹೋಲಿಸಿದ್ದೆ. ಪಠ್ಯವನ್ನು ಯಂತ್ರ ಒಂದೊಂದೇ ಅಕ್ಷರವಾಗಿ ನೋಡುತ್ತದೆ: ಎರಡರಲ್ಲೂ ಮೊದಲು 1, ಆಮೇಲೆ ಚುಕ್ಕಿ, ಆಮೇಲೆ ಒಂದರಲ್ಲಿ 1, ಇನ್ನೊಂದರಲ್ಲಿ 9. ಒಂಬತ್ತಕ್ಕಿಂತ ಒಂದು ಚಿಕ್ಕದು, ಆದ್ದರಿಂದ 1.10 ಎಂಬುದು 1.9ಕ್ಕಿಂತ ಹಳೆಯದು. ದಶಮಾಂಶವೆಂದು ಓದಿಸಿದ್ದರೂ ಉಳಿಯುತ್ತಿರಲಿಲ್ಲ; ಹಾಗೆ ಓದಿದರೆ 1.10 ಮತ್ತು 1.1 ಒಂದೇ. ಚುಕ್ಕಿಯಲ್ಲಿ ಒಡೆದು ಪ್ರತಿ ಭಾಗವನ್ನೂ ಪೂರ್ಣ ಸಂಖ್ಯೆಯಾಗಿ ಹೋಲಿಸಬೇಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದಕ್ಕೆ 'ಪ್ಯಾಕೇಜಿಂಗ್' ಎಂಬ ಗ್ರಂಥಾಲಯವಿದೆ, ಎಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟು. ಈಗ ಅದನ್ನೇ ಬಳಸುತ್ತೇನೆ, ನನ್ನ ಕೈಯಾರೆ ಆ ಸಾಲನ್ನು ಮತ್ತೆ ಬರೆದಿಲ್ಲ.

ಅಂದು ಮಧ್ಯಾಹ್ನ ಪೆನ್‌ಡ್ರೈವ್ ಹಿಡಿದು 10 ಅಂಗಡಿಗಳನ್ನೂ ಸುತ್ತಿದೆ. ಮಂಡಿಪೇಟೆಯ ಕೊನೆಯ ಅಂಗಡಿಯಲ್ಲಿ, ನಲವತ್ತು ವರ್ಷಗಳಿಂದ ಕಿರ್ದಿ ಬರೆಯುತ್ತಿದ್ದ ಹಿರಿಯ ಗುಮಾಸ್ತರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. "ಎರಡು ದಿನದಲ್ಲಿ ಹರಿದ ಪಟ್ಟಿಗಳಲ್ಲಿ ಯಾವುದು ಹಳೆಯ ಲೆಕ್ಕದ್ದು, ಯಾವುದು ಹೊಸದರದು ಎಂದು ಹೇಗೆ ಗುರುತಿಸಲಿ ತಮ್ಮಾ?" ನಿಜ. ಪಟ್ಟಿಯ ಮೇಲೆ ಆವೃತ್ತಿ ಸಂಖ್ಯೆಯೇ ಅಚ್ಚಾಗುತ್ತಿರಲಿಲ್ಲ. ಸಂಖ್ಯೆ ನನಗಾಗಿ ಇದೆ ಎಂದುಕೊಂಡಿದ್ದೆ. ಅದು ಬೇಕಾಗಿದ್ದುದು ಅವರಿಗೆ.

ಆ ಸುಗ್ಗಿ ಮುಗಿದ ಮೇಲೆ ಸಲಕರಣೆಗಳಿಂದ ಹಿಡಿದು ಎಲ್ಲವನ್ನೂ ಮತ್ತೆ ನೋಡಿದೆ. ಆವರೆಗೆ, ಪ್ರತಿ ತಿದ್ದುಪಡಿಯನ್ನೂ ದಾಖಲಿಸಿಡುವ ಸಲಕರಣೆಯಾದ ಸಬ್‌ವರ್ಷನ್ ಬಳಸುತ್ತಿದ್ದೆ. 2004ರಲ್ಲಿ ಅದರ 1.0 ಬಂದಾಗಿನಿಂದ ಅದರಲ್ಲಿರುವ ಒಂದು ಗುಣವನ್ನು ನಾನು ಇಂದಿಗೂ ಮೆಚ್ಚುತ್ತೇನೆ: ಪ್ರತಿ ಬದಲಾವಣೆಗೂ 1, 2, 3 ಎಂದು ಸಾಲಾಗಿ ಸಂಖ್ಯೆ. "412ನೆಯದರಲ್ಲಿ ಸರಿಪಡಿಸಿದ್ದೇನೆ ಯಜಮಾನರೇ" ಎಂದು ಫೋನಿನಲ್ಲಿ ಹೇಳಬಹುದು. ಆದರೆ ಬದಲಾವಣೆಯನ್ನು ದಾಖಲಿಸಲು ಪ್ರತಿ ಸಲವೂ ಸರ್ವರ್ ಬೇಕು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತು, ನೆಟ್‌ವರ್ಕ್ ಇಲ್ಲದೆ, ಮೂರು ಬೇರೆ ತಿದ್ದುಪಡಿಗಳನ್ನು ಒಂದೇ ಗಂಟಾಗಿ ಕಟ್ಟಿಕೊಂಡು ಮನೆಗೆ ಬರುವುದು ನನಗೆ ರೂಢಿಯಾಗಿಬಿಟ್ಟಿತ್ತು. ಗಂಟು ಬಿಚ್ಚುವಾಗ ಯಾವುದು ಯಾವುದಕ್ಕೆ ಎಂಬುದು ಮರೆತಿರುತ್ತಿತ್ತು.

ಇದೇ ಕೆಲಸ ಮಾಡುವ ಗಿಟ್ ಮತ್ತು ಮರ್ಕ್ಯುರಿಯಲ್ ಎಂಬ ಸಲಕರಣೆಗಳು ಎರಡೂ 2005ರ ಏಪ್ರಿಲಿನಲ್ಲಿ ಹುಟ್ಟಿದವು. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು (ಕರ್ನಲ್) ಬರೆಯುವ ತಂಡ ಬಳಸುತ್ತಿದ್ದ, ಅದೇ ಬಗೆಯ ಸಲಕರಣೆಯಾದ ಬಿಟ್‌ಕೀಪರ್‌ನ ಉಚಿತ ಪರವಾನಗಿ ಕೈತಪ್ಪಿದ್ದೇ ಎರಡಕ್ಕೂ ಕಾರಣ. ಎರಡರಲ್ಲೂ ಪೂರ್ತಿ ಇತಿಹಾಸ ನಮ್ಮ ಲ್ಯಾಪ್‌ಟಾಪಿನಲ್ಲೇ ಇರುತ್ತದೆ. ಕಲಿಯಲು ಮರ್ಕ್ಯುರಿಯಲ್ ಸುಲಭ, ಆದೇಶಗಳು ನೇರ. ಒಂದು ತಿಂಗಳು ಅದನ್ನೇ ಬಳಸಿದೆ, ಇಷ್ಟವೂ ಆಯಿತು. ಆದರೆ ನನ್ನ ಜೊತೆ ಕೆಲಸಕ್ಕೆ ಬರುತ್ತಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗೊತ್ತಿದ್ದುದು ಗಿಟ್ ಒಂದೇ. 2017ರಲ್ಲಿ ಪೈಥಾನ್ ಭಾಷೆಯ ತಂಡವೇ ಮರ್ಕ್ಯುರಿಯಲ್ ಬಿಟ್ಟು ಗಿಟ್‌ಗೆ ಬಂದಿತ್ತು. ಜನ ಯಾವ ಕಡೆ ಇದ್ದಾರೆ ಎಂಬುದೂ ಒಂದು ಗುಣವೇ ಎಂದು ಒಪ್ಪಿಕೊಂಡು ಗಿಟ್‌ಗೆ ಬಂದೆ.

ಬಂದ ದಿನವೇ ಕನ್ನಡ ತೊಡರಿತು. ಕನ್ನಡದಲ್ಲಿ ಹೆಸರಿಟ್ಟ ಕಡತಗಳೆಲ್ಲ ಪಟ್ಟಿಯಲ್ಲಿ 340, 262 ಎಂಬ ಅಂಕಿಗಳ ಸಾಲಾಗಿ ಕಂಡವು. ಅವು ಕನ್ನಡ ಅಕ್ಷರಗಳನ್ನು ಯಂತ್ರ ತನ್ನೊಳಗೆ ಇಡುವ ಯುಟಿಎಫ್-8 ಬೈಟುಗಳು, ಎಂಟರ ಮಾನದಲ್ಲಿ ಬರೆದವು. ಗಿಟ್‌ನ ಸಂರಚನೆಯಲ್ಲಿ 'ಕೋರ್ ಕೋಟ್‌ಪಾತ್' ಎಂಬುದನ್ನು ಫಾಲ್ಸ್ ಮಾಡಿದರೆ ಹೆಸರುಗಳು ಕನ್ನಡದಲ್ಲೇ ಕಾಣುತ್ತವೆ. ಇನ್ನೊಂದು ಹೆಚ್ಚು ಕಾಡಿತು. ಕಣ್ಣಿಗೆ ಒಂದೇ ಕಾಣುವ 'ಜೋಳ' ಎಂಬ ಎರಡು ಸಾಲುಗಳನ್ನು ಬೇರೆ ಬೇರೆ ಎಂದು ಗಿಟ್ ತೋರಿಸಿತು. ಓತ್ವದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ ಮತ್ತು ದೀರ್ಘದ ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಕಡತಗಳಿಂದ ಪರಿವರ್ತಿಸಿದ ಪಠ್ಯದಲ್ಲಿ ಒಂದು ಬಗೆ, ನಾವು ಹೊಸದಾಗಿ ಕೀಲಿಸಿದ್ದರಲ್ಲಿ ಇನ್ನೊಂದು ಬಗೆ ಇತ್ತು. ಈಗ ದಾಖಲಿಸುವ ಮುನ್ನ ಎಲ್ಲ ಕನ್ನಡ ಪಠ್ಯವನ್ನೂ ಒಂದೇ ರೂಪಕ್ಕೆ ತರುವ ಚಿಕ್ಕ ಸ್ಕ್ರಿಪ್ಟ್ ತಾನಾಗಿಯೇ ಓಡುತ್ತದೆ. ಕನ್ನಡದಲ್ಲಿ ತಂತ್ರಾಂಶ ಬರೆಯುವವರು ಮೊದಲ ದಿನವೇ ಇದನ್ನು ಮಾಡಿಕೊಳ್ಳಬೇಕು.

ಗಿಟ್‌ನಲ್ಲಿ ನಾನು ಅತಿ ಹೆಚ್ಚು ಋಣಿಯಾಗಿರುವುದು ಬೈಸೆಕ್ಟ್ ಎಂಬ ಆದೇಶಕ್ಕೆ. ತೂಕದಲ್ಲಿ ಕಾಲು ಕಿಲೋ ವ್ಯತ್ಯಾಸ ಬರುತ್ತಿತ್ತು, ಯಾವಾಗಿನಿಂದ ಎಂದು ಗೊತ್ತಿರಲಿಲ್ಲ. ಸರಿ ಇದ್ದ ಆವೃತ್ತಿಗೂ ಅಂದಿನದಕ್ಕೂ ನಡುವೆ 120 ಬದಲಾವಣೆಗಳು. ಬೈಸೆಕ್ಟ್ ನಡುವಿನದನ್ನು ತೆಗೆದು ಕೊಡುತ್ತದೆ, ಸರಿ ಅಥವಾ ತಪ್ಪು ಎಂದು ನಾವು ಹೇಳಿದರೆ ಅರ್ಧವನ್ನು ಬಿಟ್ಟು ಮುಂದೆ ಹೋಗುತ್ತದೆ. ಏಳನೆಯ ಸಲಕ್ಕೆ ತಪ್ಪಿನ ಸಾಲು ಕಣ್ಣೆದುರಿಗಿತ್ತು. ಗಂಟು ಕಟ್ಟಿ ದಾಖಲಿಸುವ ಹಳೆಯ ಅಭ್ಯಾಸವಿದ್ದಿದ್ದರೆ ಈ ಆದೇಶದಿಂದ ಇಷ್ಟು ಪ್ರಯೋಜನ ಆಗುತ್ತಿರಲಿಲ್ಲ.

ಗಿಟ್‌ನ ಒಂದು ಸ್ವಾತಂತ್ರ್ಯವನ್ನು ಮಾತ್ರ ನಾನು ಬಳಸುವುದಿಲ್ಲ. ಅದರಲ್ಲಿ ಹಿಂದಿನ ಇತಿಹಾಸವನ್ನು ತಿದ್ದಿ ಬರೆಯಬಹುದು. ಇದಕ್ಕೆ ಎದುರಾಗಿ ನಿಲ್ಲುವ ಸಲಕರಣೆ ಫಾಸಿಲ್. ಎಸ್‌ಕ್ಯೂಲೈಟ್ ಎಂಬ ದತ್ತಾಂಶ ಕೋಶದ ತಂತ್ರಾಂಶ ಬರೆದ ರಿಚರ್ಡ್ ಹಿಪ್ ಅವರದೇ ರಚನೆ. ಅದರಲ್ಲಿ ರೀಬೇಸ್, ಎಂದರೆ ಇತಿಹಾಸವನ್ನು ತಿದ್ದಿ ಬರೆಯುವ ಆದೇಶವನ್ನು ಬೇಕೆಂದೇ ಇಟ್ಟಿಲ್ಲ. ಮಂಡಿಪೇಟೆಯ ಗುಮಾಸ್ತರಿಗೆ ಈ ವಿಷಯ ಹೇಳಿದಾಗ ಅವರಿಗೆ ಹೊಸದೆನಿಸಲಿಲ್ಲ. ಕಿರ್ದಿಯಲ್ಲಿ ತಪ್ಪಾದರೆ ಹಾಳೆ ಹರಿಯುವಂತಿಲ್ಲ, ಅಡ್ಡಗೆರೆ ಎಳೆದು ಕೆಳಗೆ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು, ಅಷ್ಟೇ. ನಾವು ಗಿಟ್‌ನಲ್ಲೇ ಉಳಿದೆವು, ಆದರೆ ಅವರ ನಿಯಮ ತಂದುಕೊಂಡೆವು: ಅಂಗಡಿಗೆ ಹೋದ ಯಾವುದನ್ನೂ ತಿದ್ದಿ ಬರೆಯುವುದಿಲ್ಲ, ತಪ್ಪಿದ್ದರೆ ರಿವರ್ಟ್ ಮಾಡುತ್ತೇವೆ, ಎಂದರೆ ಅದನ್ನು ರದ್ದುಮಾಡುವ ಹೊಸ ಬದಲಾವಣೆಯನ್ನು ದಾಖಲಿಸುತ್ತೇವೆ.

ಇನ್ನು ಸಂಖ್ಯೆಯ ಮಾತು. ಸೆಮ್ಯಾಂಟಿಕ್ ವರ್ಷನಿಂಗ್ ಎಂಬ ಪದ್ಧತಿಯಲ್ಲಿ ಮೂರು ಭಾಗ: ಹಳೆಯದರೊಂದಿಗೆ ಹೊಂದದ ಬದಲಾವಣೆಯಾದರೆ ಮೊದಲನೆಯದು, ಹೊಂದಿಕೊಂಡೇ ಹೊಸದು ಸೇರಿದರೆ ಎರಡನೆಯದು, ಬರಿಯ ದೋಷ ತಿದ್ದಿದರೆ ಮೂರನೆಯದು ಏರುತ್ತದೆ. ಬೇರೆ ಪ್ರೋಗ್ರಾಮರುಗಳು ಬಳಸುವ ಗ್ರಂಥಾಲಯಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಆದರೆ ಗುಮಾಸ್ತರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಅವರು ಯೋಚಿಸುವುದು ಆರ್ಥಿಕ ವರ್ಷದಲ್ಲಿ, ತಿಂಗಳಲ್ಲಿ. ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ 2004ರ ಅಕ್ಟೋಬರಿನಲ್ಲಿ ಬಂದ ತನ್ನ ಮೊದಲ ಆವೃತ್ತಿಯನ್ನು 4.10 ಎಂದು ಕರೆದಂತೆ, ನಾವೂ ವರ್ಷ, ತಿಂಗಳು, ಆ ತಿಂಗಳ ಎಷ್ಟನೆಯದು ಎಂದು ಬರೆಯತೊಡಗಿದೆವು: 2024.04.2. ಈ ಪದ್ಧತಿಯಲ್ಲೊಂದು ಕೊರತೆ ಇದೆ. ಹಳೆಯ ದತ್ತಾಂಶ ಹೊಸದರಲ್ಲಿ ತೆರೆಯುತ್ತದೆಯೇ ಎಂಬುದನ್ನು ತಾರೀಖು ಹೇಳುವುದಿಲ್ಲ. ಅದಕ್ಕೆ ನಮ್ಮ ದತ್ತಾಂಶವಿರುವ ಎಸ್‌ಕ್ಯೂಲೈಟ್ ಕಡತದ ತಲೆಭಾಗದಲ್ಲೇ 'ಯೂಸರ್ ವರ್ಷನ್' ಎಂಬ ಜಾಗವಿದೆ. ಕೋಷ್ಟಕಗಳ ರಚನೆ ಬದಲಾದಾಗಲೆಲ್ಲ ಅಲ್ಲಿಯ ಸಂಖ್ಯೆಯನ್ನು ಒಂದು ಏರಿಸುತ್ತೇವೆ. ತನಗೆ ತಿಳಿಯದ ಸಂಖ್ಯೆ ಕಂಡರೆ ತಂತ್ರಾಂಶ ಕಡತವನ್ನು ಮುಟ್ಟದೆ ನಿಲ್ಲುತ್ತದೆ.

ಈಗ ಪ್ರತಿ ಪಟ್ಟಿಯ ಕೆಳಗೂ ಆವೃತ್ತಿ ಸಂಖ್ಯೆ ಸಣ್ಣ ಅಕ್ಷರದಲ್ಲಿ ಅಚ್ಚಾಗುತ್ತದೆ. ಅದನ್ನು ನಾವು ಕೈಯಿಂದ ಬರೆಯುವುದಿಲ್ಲ, ಗಿಟ್‌ನ ಟ್ಯಾಗಿನಿಂದ (ಆವೃತ್ತಿಗೆ ನಾವು ಅಂಟಿಸುವ ಹೆಸರಿನ ಚೀಟಿ) 'ಡಿಸ್ಕ್ರೈಬ್' ಆದೇಶ ತೆಗೆದುಕೊಡುತ್ತದೆ. ಆದ್ದರಿಂದ ಕಾಗದದ ಮೇಲಿನದಕ್ಕೂ ನನ್ನ ಬಳಿಯಿರುವ ಮೂಲಕ್ಕೂ ವ್ಯತ್ಯಾಸ ಬರುವುದಿಲ್ಲ. ಹೊಸದು ಹೋದಾಗಲೆಲ್ಲ ಏನು ಬದಲಾಯಿತು ಎಂಬ ಒಂದು ಪುಟವನ್ನು ನಾನೇ ಕನ್ನಡದಲ್ಲಿ ಬರೆದು ಕಳಿಸುತ್ತೇನೆ. ನಮ್ಮ ಒಳಗಿನ ದಾಖಲೆಯ ಸಾಲುಗಳನ್ನು ಹಾಗೇ ಕಳಿಸುವುದಿಲ್ಲ, ಅವು ನಮ್ಮ ಓದಿಗೆ. ಆ ಪುಟದಲ್ಲಿ ಹಮಾಲಿ, ತೂಕ, ಸುಂಕ ಯಾವುದಾದರೂ ಬದಲಾಗಿದ್ದರೆ ಮೊದಲ ಸಾಲು ಅದೇ. ಮಂಡಿಪೇಟೆಯ ಗುಮಾಸ್ತರು ಅದನ್ನು ಅಚ್ಚು ಹಾಕಿಸಿ, ಮೇಲೆ ತಾರೀಖು ಬರೆದು, ಆ ದಿನದ ಕಿರ್ದಿಯ ಹಾಳೆಗೆ ಗುಂಡುಸೂಜಿಯಿಂದ ಚುಚ್ಚಿಡುತ್ತಾರೆ.