ಮದುವೆ ಮನೆಗೆ ಆಟಿಸಂ ಇರೋ ಮಗು ಬಂದ್ರೆ ನೀವೇನ್ ಮಾಡ್ಬೇಕು?

ದಾವಣಗೆರೇಲಿ ಮದುವೆ ಸೀಸನ್ ಶುರುವಾಯ್ತು ಅಂದ್ರೆ ಆಟಿಸಂ ಇರೋ ಮಕ್ಕಳ ಅಪ್ಪ-ಅಮ್ಮಂಗೆ ಟೆನ್ಷನ್ನೂ ಶುರು. ಮಗೂನ ಕರ್ಕೊಂಡು ಬರ್ಬೇಡಿ ಅಂತ ಯಾರೂ ಬಾಯ್ಬಿಟ್ಟು ಹೇಳಲ್ಲ, ಆದ್ರೆ "ಅಜ್ಜಿ ಹತ್ರ ಬಿಟ್ಟು ಬಂದ್ರೆ ನಿಮಗೂ ಆರಾಮಲ್ವಾ" ಅಂತಾರಲ್ಲ, ಅದರ ಅರ್ಥ ಅದೇ. ಮಗೂನ ತಿದ್ದೋದು ಬಿಟ್ಟು ಮಂಟಪದಲ್ಲಿ ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರೆ ಆಯ್ತು, ಹಿಂಗೆ ಮಾಡಿ ನೋಡ್ರಿ.

ಮೊದಲು ಇಷ್ಟು ತಿಳ್ಕೊಳ್ರಿ. ಆಟಿಸಂ ಅಂದ್ರೆ ಮೆದುಳು ಬೆಳೆಯೋ ರೀತಿನೇ ಬೇರೆ, ಅಂಟೋ ರೋಗ ಅಲ್ಲ, ಅಮ್ಮ ಸರಿಯಾಗಿ ಬೆಳೆಸ್ಲಿಲ್ಲ ಅಂತ ಬರೋದಲ್ಲ, ಲಸಿಕೆಯಿಂದಾನೂ ಅಲ್ಲ. ಲಸಿಕೆ ಮೇಲೆ ಅನುಮಾನ ಹುಟ್ಟಿಸಿದ 1998ರ ಲೇಖನಾನ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯೋರೇ 2010ರಲ್ಲಿ ವಾಪಸ್ ತಗೊಂಡ್ರು, ಆದ್ರೂ ವಾಟ್ಸಾಪಲ್ಲಿ ಇನ್ನೂ ಓಡಾಡ್ತಾನೇ ಐತೆ!

ಕಾರ್ಡ್ ಕೊಡೋವಾಗ್ಲೇ ಅಪ್ಪ-ಅಮ್ಮನ್ನ ಕೇಳ್ಬಿಡ್ರಿ, ಮಗೂಗೆ ಯಾವುದು ಆಗಲ್ಲ ಅಂತ. ಒಂದು ಮಗೂಗೆ ಸೌಂಡ್ ಆಗಲ್ಲ, ಇನ್ನೊಂದಕ್ಕೆ ಲೈಟ್ ಆಗಲ್ಲ, ಮತ್ತೊಂದು ಸೀದಾ ಸ್ಪೀಕರ್ ಹತ್ರಾನೇ ಹೋಗಿ ನಿಲ್ಲುತ್ತೆ, ಎಲ್ಲಾರೂ ಒಂದೇ ಥರ ಇರಲ್ಲ. ಮಂಟಪದ್ದು ನಾಲ್ಕು ಫೋಟೋ ಮೊದಲೇ ಕಳಿಸಿದ್ರೆ ಎಲ್ಲಿಗೆ ಹೋಗ್ತಿದೀವಿ ಅಂತ ಮಗೂಗೆ ತೋರಿಸ್ಕೊಳ್ತಾರೆ. ಗದ್ದಲ ಸಾಕಾದಾಗ ಮಗು ಹೋಗಿ ಕೂರೋಕೆ ಮೇಲಿನ ರೂಮುಗಳಲ್ಲಿ ಒಂದನ್ನ ಖಾಲಿ ಇಟ್ಟು ಬೀಗದ ಕೈ ಅವರ ಕೈಗೇ ಕೊಡ್ರಿ, ಸೀರೆ ಬದಲಾಯಿಸೋಕೆ ಅಂತ ಇನ್ಯಾರಿಗೂ ಕೊಡ್ಬೇಡ್ರಿ.

ಗಟ್ಟಿಮೇಳದ ವಿಷ್ಯ ಮರೀಬೇಡ್ರಿ. ಅಲ್ಲಿವರೆಗೆ ಮೆತ್ತಗೆ ನುಡೀತಿದ್ದ ಓಲಗ ಒಂದೇ ಸಲ ಜೋರಾಗುತ್ತೆ, ಅದೇ ಹೊತ್ತಿಗೆ ಹಿಂದಿನ ಸಾಲಿನೋರು ಬೀಸಿದ ಅಕ್ಷತೆ ಕಾಳು ಕುತ್ತಿಗೆ ಮೇಲೆ ಬಿದ್ದು ಅಂಗಿ ಒಳಗೆ ಇಳಿಯುತ್ತೆ. ನಮಗೇನೂ ಅನ್ಸಲ್ಲ, ಈ ಮಗೂಗೆ ಎರಡೂ ತಡ್ಕೊಳ್ಳೋಕಾಗ್ದೇ ಇರಬಹುದು. ತಾಳಿ ಹೊತ್ತು ಹತ್ರ ಬಂದ ಹಂಗೆ ಯಾರಾದ್ರೂ ಹೋಗಿ "ಇನ್ನೇನ್ ಓಲಗ ಜೋರಾಗುತ್ತೆ ಅಕ್ಕ" ಅಂತ ಹೇಳಿದ್ರೆ ಸಾಕು, ಅವರು ಹೊರಗೆ ಕರ್ಕೊಂಡು ಹೋಗ್ತಾರೆ ಇಲ್ಲಾ ಕಿವಿಗೆ ಹೆಡ್‌ಫೋನ್ ಹಾಕ್ತಾರೆ.

ಅಷ್ಟಾದ್ರೂ ಮಗು ಕಿರುಚ್ತಾ ನೆಲದ ಮೇಲೆ ಬಿತ್ತು ಅನ್ಕೊಳ್ರಿ. ಇದು ಹಠ ಅಲ್ಲ, ಹಠ ಆದ್ರೆ ಐಸ್‌ಕ್ರೀಮ್ ಕೈಗೆ ಸಿಕ್ಕ ತಕ್ಷಣ ನಿಲ್ಲುತ್ತೆ, ಇದು ನಿಲ್ಲಲ್ಲ, ಅದರ ಕಂಟ್ರೋಲಲ್ಲೂ ಇರಲ್ಲ. ಸುತ್ತ ನಿಂತ್ಕೋಬೇಡ್ರಿ, ಮುಖಕ್ಕೆ ನೀರು ಚಿಮುಕಿಸ್ಬೇಡ್ರಿ, ದೃಷ್ಟಿ ಆಯ್ತು ಅಂತ ಉಪ್ಪು-ಮೆಣಸಿನಕಾಯಿ ತರೋಕೆ ಅಡುಗೆ ಮನೆಗೆ ಓಡ್ಬೇಡ್ರಿ, ವಿಡಿಯೋ ಅಂತೂ ಮಾಡ್ಲೇಬೇಡ್ರಿ. ಹತ್ರ ಇರೋ ಚೇರ್ ಸರಿಸಿ, ಜನಾನ ದೂರ ಕಳಿಸಿ, ಏನಾದ್ರೂ ತಂದ್ಕೊಡ್ಲಾ ಅಂತ ಅಮ್ಮನ್ನ ಮೆತ್ತಗೆ ಒಂದ್ಸಲ ಕೇಳ್ರಿ, ಅಷ್ಟೇ.

ಮಾತಾಡಿಸೋವಾಗ ಕೆನ್ನೆ ಹಿಂಡೋದು, ಗದ್ದ ಹಿಡಿದು "ನನ್ ಮುಖ ನೋಡು ಮರಿ" ಅನ್ನೋದು ಬ್ಯಾಡ. ಬೇರೆ ಕಡೆ ನೋಡ್ತಾ ಇದ್ರೂ ನಿಮ್ಮ ಮಾತು ಕೇಳ್ತಿರಬಹುದು. ಚಿಕ್ಕದಾಗಿ ಒಂದು ಪ್ರಶ್ನೆ ಕೇಳಿ ಕಾಯ್ರಿ, ನೀವು ಕೇಳಿದ್ದನ್ನೇ ತಿರುಗಿ ಹೇಳಿದ್ರೆ ಅಣಕಿಸ್ತಾನೆ ಅನ್ಕೋಬೇಡ್ರಿ. ಮತ್ತೆ ಅವನ ಎದುರಿಗೇ "ಪಾಪ, ಮಾತು ಬರುತ್ತಾ?" ಅಂತ ಅಮ್ಮನ್ನ ವಿಚಾರಿಸ್ತಾರಲ್ಲ, ನನಗೆ ಅದು ಸಿಟ್ಟು ಬರಿಸುತ್ತೆ.

ಊಟಕ್ಕೆ ಕೂತಾಗ ಬಡಿಸೋರಿಗೆ ಹೇಳಿಡ್ರಿ, ಕೇಳ್ದೇ ಎಲೆಗೆ ಏನೂ ಹಾಕ್ಬೇಡಿ ಅಂತ. ಪಲ್ಯದ ರಸ ಅನ್ನಕ್ಕೆ ತಾಗಿದ್ರೆ ಊಟಾನೇ ಬಿಟ್ಟು ಏಳೋ ಮಕ್ಕಳಿದಾರೆ. ಬರೀ ಮಂಡಕ್ಕಿ ತಿಂತೀನಿ ಅಂದ್ರೆ ಮಂಡಕ್ಕಿನೇ ಕೊಡ್ರಿ, ದಾವಣಗೆರೇಲಿ ಮಂಡಕ್ಕಿಗೇನ್ ಬರಾನಾ?

ಇನ್ನು ಸಲಹೆ ಕೊಡೋ ದೊಡ್ಡಮ್ಮಂದಿರಿಗೆ: ತಾಯತ, ಹರಕೆ ಎಲ್ಲಾ ಅವರು ಆಗ್ಲೇ ಕೇಳಿರ್ತಾರೆ. ಹೇಳ್ಲೇಬೇಕು ಅಂದ್ರೆ ಉಪಯೋಗಕ್ಕೆ ಬರೋದು ಹೇಳ್ರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿರೋ 21 ಅಂಗವೈಕಲ್ಯಗಳಲ್ಲಿ ಆಟಿಸಮ್ಮೂ ಒಂದು, ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸ್ಬಹುದು, ಕೇಂದ್ರ ಸರ್ಕಾರದ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಅನ್ನೋ ಆರೋಗ್ಯ ವಿಮೇಲಿ 1 ಲಕ್ಷ ರೂಪಾಯಿವರೆಗೆ ಐತೆ, ಅಂಗವಿಕಲರಿಗೆ ತರಬೇತಿ, ಥೆರಪಿ ಕೊಡೋ ಕೇಂದ್ರ ಸರ್ಕಾರದ ಸಿಆರ್‌ಸಿ ಕೇಂದ್ರ ನಮ್ಮ ದಾವಣಗೆರೇಲೇ ಐತೆ.

ಕೊನೇಗೆ ಫೋಟೋ. ಮಗು ಸ್ಟೇಜ್ ಹತ್ತಲ್ಲ ಅಂದ್ರೆ ಎಳೀಬೇಡ್ರಿ, ಮದುಮಕ್ಕಳೇ ಎರಡು ನಿಮಿಷ ಇಳಿದು ಬಂದು ಅದು ಕೂತಿರೋ ಕಡೆ ಹೋಗಿ ನಿಂತ್ಕೊಳ್ಲಿ, ಫೋಟೋಗ್ರಾಫರ್‌ಗೆ ಫ್ಲ್ಯಾಶ್ ಆಫ್ ಮಾಡೋಕೆ ಹೇಳ್ರಿ.