ಓಡುವ ಆದರೆ ತುಕ್ಕು ಹಿಡಿದ ಪದ್ಮಿನಿ ಮಾರುವುದು ಹೇಗೆ

ಹಳೇ ಕಾರು ಮಾರಬೇಕು ಅಂದ ಕೂಡಲೇ ನಮ್ಮ ಜನ ಮೊದಲು ಪೇಂಟ್ ಹೊಡೆಸಲು ಹೋಗುತ್ತಾರೆ. ದಯವಿಟ್ಟು ಬೇಡ.

ಮೈಸೂರಿನ ನಮ್ಮ ಮನೆಯಲ್ಲಿದ್ದದ್ದು 1984ರ ಪ್ರೀಮಿಯರ್ ಪದ್ಮಿನಿ. ಸ್ಟೀರಿಂಗ್ ಪಕ್ಕದಲ್ಲೇ ಕೈಯಲ್ಲಿ ಹಾಕುವ ಹ್ಯಾಂಡ್ ಗೇರ್, 1089 ಸಿಸಿ ಇಂಜಿನ್, ಸಿಎ ಅಂತ ಶುರುವಾಗುವ ಹಳೇ ನಂಬರ್. ಚೆನ್ನಾಗಿಯೇ ಓಡುತ್ತಿತ್ತು. ಆದರೆ ಡ್ರೈವರ್ ಕಾಲಡಿಯ ತಗಡನ್ನು ತುಕ್ಕು ತಿಂದಿತ್ತು. ಎರಡನೇ ಗೇರ್ ಹಾಕುವಾಗ ಕರ್ ಅನ್ನುತ್ತಿತ್ತು. ಹಿಂದಿನ ಒಂದು ಬಾಗಿಲನ್ನು ಹೊರಗಿನಿಂದಲೇ ತೆಗೆಯಬೇಕಿತ್ತು. ಹಾಗಿದ್ದದ್ದನ್ನು ಹಾಗೇ ಮಾರಿದೆ.

ಇಂಥ ಗಾಡಿ ಕೊಳ್ಳುವವರು ಬಣ್ಣ ನೋಡಿ ಬರುವುದಿಲ್ಲ, ಜೇಬಿನಲ್ಲಿ ಮ್ಯಾಗ್ನೆಟ್ ಇಟ್ಟುಕೊಂಡು ಬರುತ್ತಾರೆ. ಬಾಗಿಲಿನ ಕೆಳ ಅಂಚು, ಚಕ್ರದ ಮೇಲಿನ ಕಮಾನು, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಜಾಗ, ಬ್ಯಾಟರಿ ಕೆಳಗಿನ ತಟ್ಟೆ, ಎಲ್ಲ ಕಡೆ ಇಟ್ಟು ನೋಡುತ್ತಾರೆ. ಅಂಟಿಕೊಳ್ಳಲಿಲ್ಲ ಅಂದರೆ ಒಳಗೆ ತಗಡಿಲ್ಲ, ಪುಟ್ಟಿ ಇದೆ ಅಂತ ಅರ್ಥ. ಹೊಸ ಪೇಂಟ್ ಕಂಡರಂತೂ ಅನುಮಾನ ಇನ್ನೂ ಜಾಸ್ತಿ. ಟಿಂಕರಿಂಗಿಗೆ ಸುರಿದ ದುಡ್ಡು ವಾಪಸ್ ಬರುವುದು ಕಷ್ಟ. ಅದರ ಬದಲು ತೂತನ್ನೇ ಫೋಟೊ ತೆಗೆಯಿರಿ. ಫ್ಲೋರ್ ಮ್ಯಾಟ್ ಎತ್ತಿ, ತೂತಿನ ಪಕ್ಕ ಐದು ರೂಪಾಯಿ ನಾಣ್ಯ ಇಟ್ಟು, ಹಗಲು ಬೆಳಕಿನಲ್ಲಿ. ಎಷ್ಟು ದೊಡ್ಡದು ಅಂತ ನೋಡಿದವರಿಗೆ ತಾನೇ ಗೊತ್ತಾಗುತ್ತದೆ, ಸುಮ್ನೆ ಬಂದು ಮೂಗು ಮುರಿದು ಹೋಗುವವರು ಕಡಿಮೆಯಾಗುತ್ತಾರೆ.

ಖರ್ಚು ಮಾಡಲೇಬೇಕು ಅಂದರೆ ಬ್ರೇಕ್, ಟೈರ್, ಲೈಟ್, ಬ್ಯಾಟರಿಗೆ ಮಾಡಿ. ಅಷ್ಟು ಸಾಕು.

ನೋಡಲು ಬರುವ ದಿನ ಇಂಜಿನ್ ಬಿಸಿ ಮಾಡಿ ಇಡಬೇಡಿ. ತಿಳಿದವರು ಮೊದಲು ಬಾನೆಟ್ ಮೇಲೆ ಕೈ ಇಟ್ಟು ನೋಡುತ್ತಾರೆ. ತಣ್ಣಗಿರುವಾಗ ಚೋಕ್ ಎಳೆದು ಸ್ಟಾರ್ಟ್ ಮಾಡುವುದನ್ನು ಅವರ ಕಣ್ಣೆದುರೇ ತೋರಿಸಿ. ಮೊದಲ ರೌಂಡ್ ನೀವೇ ಓಡಿಸಿ. ಈಗಿನ ಹುಡುಗರಿಗೆ ಹ್ಯಾಂಡ್ ಗೇರ್ ಗೊತ್ತಿರುವುದಿಲ್ಲ, ಇದ್ದಬದ್ದ ಗೇರನ್ನೂ ಹಾಳು ಮಾಡುತ್ತಾರೆ. ಇನ್ನೊಂದು ವಿಷಯ. ಬಿಸಿಲಿನಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಇಂಜಿನ್‌ಗೆ ಪೆಟ್ರೋಲ್ ಎಳೆಯುವ ಪಂಪ್ ಕಾದು, ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಪದ್ಮಿನಿ ನಿಂತುಬಿಡುತ್ತದೆ. ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ ಸ್ವಲ್ಪ ಹೊತ್ತು ಕಾದರೆ ಮತ್ತೆ ಹೊರಡುತ್ತದೆ. ಹೊಸಬರು ಇಂಜಿನ್ನೇ ಹೋಯಿತು ಅಂದುಕೊಳ್ಳುತ್ತಾರೆ. ಮೊದಲೇ ಹೇಳಿಬಿಡಿ, ಡಿಕ್ಕಿಯಲ್ಲಿರುವ ಬಟ್ಟೆಯನ್ನೂ ತೋರಿಸಿ.

ನಿಜವಾದ ತಲೆನೋವು ಕಾಗದ ಪತ್ರಗಳದ್ದು. ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. ಅದು ಆಗಿಲ್ಲದಿದ್ದರೆ ಗಾಡಿ ಎಷ್ಟು ಚೆನ್ನಾಗಿ ಓಡಿದರೂ ಗುಜರಿ ರೇಟನ್ನೇ ಕೇಳುತ್ತಾರೆ. ಕೈಬರಹದ ಆರ್‌ಸಿ ಬುಕ್ ಇದ್ದರೆ ಅದರ ವಿವರ ಆನ್‌ಲೈನ್‌ನಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಆರ್‌ಟಿಒದಲ್ಲಿ ಸೇರಿಸಿಕೊಳ್ಳಿ. ಗಾಡಿ ಇನ್ನೂ ತೀರಿಕೊಂಡ ಅಪ್ಪನ ಹೆಸರಲ್ಲೇ ಇದೆಯಾ? ಬಹಳ ಮನೆಗಳಲ್ಲಿ ಹಾಗೇ. ಮೊದಲು ಫಾರಂ 31 ಕೊಟ್ಟು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಮರಣ ಪ್ರಮಾಣಪತ್ರ, ವಂಶವೃಕ್ಷ ಎರಡೂ ತೆಗೆದಿಟ್ಟುಕೊಂಡು ಹೋಗಿ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಚಾಸಿ ನಂಬರ್, ಇಂಜಿನ್ ನಂಬರ್ ಉಜ್ಜಿ, ಆರ್‌ಸಿ ಜೊತೆ ತಾಳೆ ನೋಡಿ. ಇಂಜಿನ್ ಯಾವಾಗಲೋ ಬದಲಾಗಿದ್ದರೆ ಮುಚ್ಚಿಡಬೇಡಿ.

ಹಾಗೆಯೇ ಜಾಹೀರಾತಿನಲ್ಲಿ ‘ವಿಂಟೇಜ್’ ಅಂತ ಬರೆಯಬೇಡಿ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗಷ್ಟೇ ಆ ಹೆಸರು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಮೇಲಾಗಿ ದಿನನಿತ್ಯ ಓಡಿಸುವ ಹಾಗಿಲ್ಲ. ನಿಮ್ಮದು ಓಡುವ ಗಾಡಿ ಅನ್ನುವುದೇ ನಿಮ್ಮ ಬಲ, ಅಲ್ವಾ?

ರೇಟ್ ವಿಷಯಕ್ಕೆ ಬಂದರೆ, ಆನ್‌ಲೈನ್‌ನಲ್ಲಿ ಕಾಣುವುದು ಕೇಳುವ ಬೆಲೆ, ಸಿಕ್ಕ ಬೆಲೆ ಅಲ್ಲ. ಪದ್ಮಿನಿಯಂಥ ಹಳೇ ಫಿಯಟ್ ಕೆಲಸ ಮಾಡುವ ಮೆಕ್ಯಾನಿಕ್‌ಗಳಿಗೆ ಯಾವುದು ಎಷ್ಟಕ್ಕೆ ಹೋಯಿತು ಅಂತ ಗೊತ್ತಿರುತ್ತದೆ, ಅವರನ್ನೇ ಕೇಳಿ. ಅಟ್ಟದ ಮೇಲೆ ಹಳೇ ಟೇಲ್‌ಲೈಟ್ ಗ್ಲಾಸ್, ವೀಲ್ ಕಪ್, ಕಾರ್ಬುರೇಟರ್ ಇದ್ದರೆ ಎಸೆಯಬೇಡಿ. ಪದ್ಮಿನಿ ತಯಾರಿಕೆ ನಿಂತು ಎರಡು ದಶಕ ದಾಟಿದೆ, ಆ ಡಬ್ಬದಿಂದಲೇ ವ್ಯಾಪಾರ ಕುದುರಬಹುದು. ಗಾಡಿ ನೋಡದೆಯೇ ಒಪ್ಪಿಕೊಂಡು, ‘ನಾನು ಮಿಲಿಟರಿಯವನು, ಅಡ್ವಾನ್ಸ್ ಕಳಿಸುತ್ತೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ’ ಅಂದರೆ ಫೋನ್ ಇಟ್ಟುಬಿಡಿ. ದುಡ್ಡು ಬರಬೇಕಾದರೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ.

ಪೂರ್ತಿ ದುಡ್ಡು ಅಕೌಂಟಿಗೆ ಬಿದ್ದ ಮೇಲೆಯೇ ಕೀ ಕೊಡಿ. ಡೆಲಿವರಿ ಚೀಟಿಯಲ್ಲಿ ತಾರೀಕಿನ ಜೊತೆ ಗಂಟೆಯನ್ನೂ ಬರೆದು ಸಹಿ ಹಾಕಿಸಿಕೊಳ್ಳಿ. ಹೆಸರು ವರ್ಗಾವಣೆಯ ಫಾರಂ 29, 30 ತುಂಬಿಸಿ. ಕೊಳ್ಳುವವರು ನಮ್ಮ ರಾಜ್ಯದವರೇ ಆದರೆ ಮಾರಿದ 14 ದಿನದೊಳಗೆ ನೀವು ಆರ್‌ಟಿಒಗೆ ತಿಳಿಸಬೇಕು. ಬೇರೆ ರಾಜ್ಯದವರಾದರೆ ಫಾರಂ 28ರಲ್ಲಿ ಎನ್‌ಒಸಿ, ಅಂದರೆ ಆರ್‌ಟಿಒದ ನಿರಾಕ್ಷೇಪಣಾ ಪತ್ರ ಬೇಕು. ‘ಟ್ರಾನ್ಸ್‌ಫರ್ ನಾನು ಮಾಡಿಸ್ಕೋತೀನಿ ಬಿಡಿ ಸಾರ್’ ಅಂದರೆ ಬಿಡಬೇಡಿ. ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕೆಲವು ವಾರ ಬಿಟ್ಟು ಸರ್ಕಾರದ ಪರಿವಾಹನ್ ವೆಬ್‌ಸೈಟ್‌ನಲ್ಲಿ ನೋಡಿ. ಮಾಲೀಕರ ಹೆಸರು ಅರ್ಧಂಬರ್ಧ ಕಂಡರೂ ಬದಲಾಗಿದೆಯೋ ಇಲ್ಲವೋ ತಿಳಿಯುತ್ತದೆ. ಬದಲಾಗಿಲ್ಲದಿದ್ದರೆ ದಿನಾ ಫೋನ್ ಮಾಡಿ ಗೋಳು ಹೊಯ್ದುಕೊಳ್ಳಿ, ನಾಚಿಕೆ ಬೇಡ.