ಇಸವಿ ಉರು ಹೊಡೆಯುವ ಮೊದಲು: ಹೈಸ್ಕೂಲ್ ಇತಿಹಾಸ ಓದುವುದು ಹೇಗೆ?

ಇತಿಹಾಸದ ಪಾಠ ತೆಗೆದ ಕೂಡಲೇ ಇಸವಿಗಳ ಕೆಳಗೆ ಗೆರೆ ಎಳೆಯುತ್ತಾ ಹೋಗುವ ಅಭ್ಯಾಸ ಇದ್ದರೆ, ಮೊದಲ ಓದಿನಲ್ಲಿ ಪೆನ್ಸಿಲ್ ಪಕ್ಕಕ್ಕಿಡಿ. ನೋಟ್ಸೂ ಬೇಡ. ಕತೆ ಓದಿದ ಹಾಗೆ ಕೊನೆತನಕ ಓದಿ, ಪುಸ್ತಕ ಮುಚ್ಚಿ, ಯಾರಿಗೆ ಏನು ಬೇಕಿತ್ತು, ಯಾರು ಅಡ್ಡ ಬಂದರು, ಕೊನೆಗೆ ಏನು ಬದಲಾಯಿತು ಅಂತ ನಿಮ್ಮದೇ ಮಾತಲ್ಲಿ ಜೋರಾಗಿ ಹೇಳಿಕೊಳ್ಳಿ. ತಡವರಿಸಿದ ಜಾಗವನ್ನು ಮಾತ್ರ ಮತ್ತೆ ಓದಿ.

ಎರಡನೇ ಓದಿಗೆ ಒಂದೇ ಪ್ರಶ್ನೆ ಸಾಕು. ಇದು ಆಗಲೇ ಯಾಕೆ ಆಯಿತು, ಇಪ್ಪತ್ತು ವರ್ಷ ಮೊದಲೇ ಯಾಕೆ ಆಗಲಿಲ್ಲ?

ಫ್ರಾನ್ಸಿನ ಕ್ರಾಂತಿಯನ್ನೇ ನೋಡಿ. ಪಾದ್ರಿಗಳಿಗೂ ಶ್ರೀಮಂತ ಮನೆತನಗಳಿಗೂ ತೆರಿಗೆಯಲ್ಲಿ ರಿಯಾಯಿತಿ, ಹೊರೆಯೆಲ್ಲ ಉಳಿದವರ ಮೇಲೆ. ಇದು ಅಲ್ಲಿ ಬಹಳ ಕಾಲದಿಂದ ನಡೆದೇ ಇತ್ತು. ಹಾಗಾದರೆ 1789ರಲ್ಲಿ ಹೊಸದೇನು? ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಸುರಿದ ಹಣವೂ ಸೇರಿ ಸರ್ಕಾರದ ಸಾಲ ವಿಪರೀತ ಬೆಳೆದಿತ್ತು. 1788ರಲ್ಲಿ ಬೆಳೆ ಕೆಟ್ಟು ಬ್ರೆಡ್ಡಿನ ಬೆಲೆ ಏರಿತು. ಹಣದ ದಾರಿ ಕಾಣದೆ ರಾಜ 16ನೇ ಲೂಯಿ, 1614ರ ನಂತರ ಒಮ್ಮೆಯೂ ಸೇರದಿದ್ದ ಎಸ್ಟೇಟ್ಸ್ ಜನರಲ್ ಸಭೆಯನ್ನು (ಪಾದ್ರಿಗಳು, ಶ್ರೀಮಂತ ಮನೆತನಗಳು, ಉಳಿದ ಜನ, ಈ ಮೂರು ವರ್ಗಗಳ ಪ್ರತಿನಿಧಿಗಳ ಸಭೆ) 1789ರ ಮೇನಲ್ಲಿ ಸೇರಿಸಬೇಕಾಯಿತು, ಸೇರಿದವರು ಬರೀ ತೆರಿಗೆಯ ಮಾತಾಡಿ ಎದ್ದು ಹೋಗಲಿಲ್ಲ. ಇಷ್ಟು ಗೊತ್ತಾದ ಮೇಲೆ ಜುಲೈ 14ರಂದು ಪ್ಯಾರಿಸಿನ ಜನ ಬಾಸ್ಟೀಲ್ ಎಂಬ ಕೋಟೆ-ಜೈಲಿನ ಮೇಲೆ ಮಾಡಿದ ದಾಳಿಯನ್ನು ಬೇರೆಯಾಗಿ ಬಾಯಿಪಾಠ ಮಾಡಬೇಕಾಗುವುದಿಲ್ಲ, ಅಲ್ವಾ?

ಇದನ್ನು ಹಾಳೆಯ ಮೇಲೆ ಬಾಣ ಹಾಕಿ ಬರೆಯಿರಿ. ಪ್ರತಿ ಬಾಣದ ಮೇಲೂ 'ಅದರಿಂದ' ಅಥವಾ 'ಆಮೇಲೆ' ಅಂತ ಒಂದು ಪದ ಇರಲಿ. ಒಂದರ ನಂತರ ಒಂದು ನಡೆಯಿತು ಅಂದ ಮಾತ್ರಕ್ಕೆ ಮೊದಲಿನದು ಕಾರಣ ಆಗುವುದಿಲ್ಲ. ಯಾವ ಪದ ಬರೆಯಬೇಕು ಅಂತ ಯೋಚಿಸುವ ಆ ಅರ್ಧ ನಿಮಿಷದಲ್ಲೇ ನೀವು ನಿಜವಾಗಿ ಇತಿಹಾಸ ಕಲಿಯುತ್ತೀರಿ ಅಂತ ನಾನು ನಂಬಿದ್ದೇನೆ.

ಹಾಗಂತ ಇಸವಿ ಬೇಡವೇ ಬೇಡ ಅಂತಲ್ಲ. ಪಾಠಕ್ಕೆ ನಾಲ್ಕೈದು ಸಾಕು, ಆದರೆ ಅವುಗಳ ನಡುವಿನ ಅಂತರ ಗಮನಿಸಿ. ಮೊದಲ ಮಹಾಯುದ್ಧವನ್ನೇ ನೋಡಿ. ಬೋಸ್ನಿಯಾದ ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆ ಆಗಿದ್ದು 1914ರ ಜೂನ್ 28ಕ್ಕೆ. ಆಸ್ಟ್ರಿಯಾ ಸರ್ಬಿಯಾದ ಮೇಲೆ ಯುದ್ಧ ಸಾರಿದ್ದು ಜುಲೈ 28ಕ್ಕೆ. ಆಗಸ್ಟ್ 4ರ ಹೊತ್ತಿಗೆ ಜರ್ಮನಿ, ರಷ್ಯಾ, ಫ್ರಾನ್ಸ್, ಬ್ರಿಟನ್ ಎಲ್ಲವೂ ಯುದ್ಧದಲ್ಲಿದ್ದವು. ಮೊದಲು ಒಂದು ತಿಂಗಳು, ಆಮೇಲೆ ಒಂದೇ ವಾರ! ಇಷ್ಟು ಬೇಗ ಹೇಗೆ ಹಬ್ಬಿತು ಅಂತ ಕೇಳಿದರೆ, ದೇಶಗಳ ನಡುವಿನ ಒಪ್ಪಂದಗಳ ಪಾಠ ಯಾಕಿದೆ ಅಂತ ತಿಳಿಯುತ್ತದೆ.

ಲೆಕ್ಕದಲ್ಲೂ ಜಾಸ್ತಿ ತಪ್ಪಾಗುತ್ತದೆ. 18ನೇ ಶತಮಾನ ಅಂದರೆ 1701ರಿಂದ 1800. ಕ್ರಿ.ಪೂ. 1 ಆದ ಮೇಲೆ ನೇರವಾಗಿ ಕ್ರಿ.ಶ. 1, ನಡುವೆ ಸೊನ್ನೆ ವರ್ಷ ಇಲ್ಲ. ರೋಮಿನ ನಾಯಕ ಜೂಲಿಯಸ್ ಸೀಸರ್ ಸತ್ತಿದ್ದು ಕ್ರಿ.ಪೂ. 44, ಅಲ್ಲಿನ ಚಕ್ರವರ್ತಿ ಆಗಸ್ಟಸ್ ಸತ್ತಿದ್ದು ಕ್ರಿ.ಶ. 14. ಅಂತರ 58 ಅಲ್ಲ, 57 ವರ್ಷ.

ಹಳೆಯ ಪತ್ರ, ದಿನಚರಿ, ಶಾಸನ ಕೊಟ್ಟು ಪ್ರಶ್ನೆ ಕೇಳಿದಾಗ, ಅದರಲ್ಲಿ ಏನಿದೆ ಅನ್ನುವುದಕ್ಕಿಂತ ಮೊದಲು ಯಾರು, ಯಾವಾಗ, ಯಾತಕ್ಕೆ ಬರೆದರು ಅಂತ ನೋಡಿ. ಬಾಸ್ಟೀಲ್ ಬಿದ್ದ ದಿನ 16ನೇ ಲೂಯಿ ತನ್ನ ದಿನಚರಿಯಲ್ಲಿ ಬರೆದದ್ದು ಒಂದೇ ಪದ, 'ಏನಿಲ್ಲ'. ರಾಜನಿಗೆ ಜನರ ಚಿಂತೆಯೇ ಇರಲಿಲ್ಲ ಅಂತ ಬರೆದುಬಿಡುವುದು ಸುಲಭ. ಆದರೆ ಆ ಪುಸ್ತಕದಲ್ಲಿ ಅವನು ಮುಖ್ಯವಾಗಿ ಬೇಟೆಯ ಲೆಕ್ಕ ಇಡುತ್ತಿದ್ದ. ಆ ದಿನ ಬೇಟೆ ಇರಲಿಲ್ಲ, ಅಷ್ಟೇ. ಅದೊಂದು ಪದ ಹಿಡಿದು ಅವನ ಮನಸ್ಸು ಅಳೆಯಲು ಆಗುವುದಿಲ್ಲ.

ಉತ್ತರ ಬರೆಯುವಾಗ ಪ್ರಶ್ನೆಯ ಕೊನೆಯ ಪದ ನೋಡಿ. ಕಾರಣ ಕೇಳಿದ್ದರೆ ಪರಿಣಾಮ ತುಂಬಿಸಬೇಡಿ, ಎಷ್ಟು ಪುಟ ಬರೆದರೂ ಅಂಕ ಬರುವುದಿಲ್ಲ. ಪರೀಕ್ಷೆಯ ಹಿಂದಿನ ದಿನ ಇಡೀ ಪುಸ್ತಕ ತಿರುವಿ ಹಾಕುವ ಬದಲು, ಖಾಲಿ ಹಾಳೆಯಲ್ಲಿ ಒಂದೊಂದು ಪಾಠದ ಬಾಣಗಳನ್ನು ನೆನಪಿನಿಂದ ಬಿಡಿಸಿ. ಯಾವ ಬಾಣ ಬರಲಿಲ್ಲವೋ ಆ ಪುಟ ಮಾತ್ರ ತೆರೆಯಿರಿ.